ಆದೇಶದ ಪ್ರತಿ ಕೊಡಿ: ತಡೆಹಿಡಿದ ಒಂದು ವ್ಯಂಗ್ಯಚಿತ್ರದ ಬೆನ್ನುಹತ್ತಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿಯಿದೆ. ಮದುವೆಯ ಕರೆಯೋಲೆ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಭೂತಕೋಲದ ಆಮಂತ್ರಣ, ಪಂಚಾಯತ್ ಚುನಾವಣೆ ಬಂದಾಗ ಎಲ್ಲ ಪಕ್ಷದವರ ಕರಪತ್ರ, ಇವೇ ಅಲ್ಲಿಯ ದುಡಿಮೆ. ಸಂಜೆ ಕೆಲಸ ಕಡಿಮೆಯಾದ ಮೇಲೆ ವ್ಯಂಗ್ಯಚಿತ್ರ ಬರೆಯುವುದು ಬಹಳ ವರ್ಷಗಳ ಅಭ್ಯಾಸ. ಮೊದಲು ಕಾಗದದಲ್ಲಿ ಬರೆದು ಸ್ಕ್ಯಾನ್ ಮಾಡುತ್ತಿದ್ದೆ, ಈಗ ಟ್ಯಾಬ್‌ನಲ್ಲಿಯೇ ಬರೆಯುತ್ತೇನೆ. ಕೆಲವು ಗೆಳೆಯರ ಜೊತೆ ಸೇರಿ ಆ ಚಿತ್ರಗಳನ್ನು ಒಂದು ಸಾಮಾಜಿಕ ಜಾಲತಾಣದ ಖಾತೆಯಲ್ಲಿ ಹಾಕುತ್ತ ಬಂದಿದ್ದೇವೆ. ನೋಡುವವರು ಹೆಚ್ಚಾಗಿ ಗಡಿಯ ಈಚೆಗಿನ ಕನ್ನಡಿಗರು, ಮಂಗಳೂರು ಪುತ್ತೂರಿನವರು, ಮತ್ತೆ ಗಲ್ಫ್‌ನಲ್ಲಿ ದುಡಿಯುವ ನಮ್ಮೂರ ಹುಡುಗರು.

2025ರ ಜುಲೈ 23ರಂದು ಚೆರುವತ್ತೂರಿನ ವೀರಮಲೆ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ತಲಪಾಡಿಯಿಂದ ಕಾಲಿಕ್ಕಡವುವರೆಗೆ ಹೆದ್ದಾರಿ ಅಗಲ ಮಾಡುವುದಕ್ಕಾಗಿ ಗುಡ್ಡಗಳನ್ನು ಕಡಿದು ನಿಲ್ಲಿಸಿದ ರೀತಿಯನ್ನು ಈ ಜಿಲ್ಲೆಯವರೆಲ್ಲ ದಿನನಿತ್ಯ ಕಂಡಿದ್ದರಿಂದ, ಆ ಸುದ್ದಿ ಬಂದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ, ಎಲ್ಲರಿಗೂ ಸಿಟ್ಟು ಬಂತು. ನಾನೂ ಸಿಟ್ಟಿನಿಂದಲೇ ಒಂದು ಚಿತ್ರ ಬರೆದೆ. ಮೈಗೆ ಸಿಮೆಂಟು ಬಳಿಸಿಕೊಂಡ ಒಂದು ಗುಡ್ಡ ಸೊಂಟದಿಂದ ಬಾಗಿ ನಿಂತಿದೆ. ಅದರ ತಲೆಯ ಮೇಲಿನ ಗೇರುಮರಗಳು ಕೂದಲಿನಂತೆ ರಸ್ತೆಗೆ ಇಳಿಬಿದ್ದಿವೆ. ಎದುರಿಗೆ ಒಬ್ಬ ಮಂತ್ರಿ ಕತ್ತರಿ ಹಿಡಿದು ರಿಬ್ಬನ್ ಕತ್ತರಿಸುತ್ತಿದ್ದಾನೆ. ಮಾಲೆ ಮೂಗಿನವರೆಗೆ ಬಂದಿರುವುದರಿಂದ ಅವನ ಮುಖ ಕಾಣುವುದಿಲ್ಲ. ಹಿಂದಿನಿಂದ ಒಬ್ಬ ಅಧಿಕಾರಿ ಕೊಡೆ ಹಿಡಿದಿದ್ದಾನೆ, ಕೊಡೆಯ ಆಚೆ ಶಾಲೆಯ ಮಕ್ಕಳು ನೆನೆಯುತ್ತಿದ್ದಾರೆ. ಮಂತ್ರಿಯ ಬಾಯಲ್ಲಿ ಒಂದೇ ಮಾತು: "ಗುಡ್ಡ ಕುಸಿದಿಲ್ಲ, ಅಭಿವೃದ್ಧಿಗೆ ತಲೆಬಾಗಿದೆ." ಚಿತ್ರದಲ್ಲಿ ಪಕ್ಷದ ಬಣ್ಣವಿಲ್ಲ, ಹೆಸರಿಲ್ಲ, ಬಾವುಟವಿಲ್ಲ. ಯಾರ ಮುಖವನ್ನೂ ಹೋಲಬಾರದೆಂದೇ ಮಾಲೆಯನ್ನು ಅಷ್ಟು ದೊಡ್ಡದಾಗಿ ಬರೆದಿದ್ದೆ.

ನಮ್ಮ ಚಿತ್ರಗಳಲ್ಲಿ ಅಷ್ಟು ದೂರ ಹೋದದ್ದು ಬೇರೊಂದಿಲ್ಲ. ಉಪ್ಪಳ, ಮಂಜೇಶ್ವರ, ಕಾಞಂಗಾಡಿನ ವಾಟ್ಸಾಪ್ ಗುಂಪುಗಳಲ್ಲಿ ಸುತ್ತಿ, ಯಾರೋ ಮಾತನ್ನು ಮಲಯಾಳಕ್ಕೆ ಬದಲಿಸಿ ಕಣ್ಣೂರಿನ ಕಡೆಗೂ ಕಳಿಸಿದರು. ಆಟಿ ತಿಂಗಳ ಒಂದು ಬೆಳಿಗ್ಗೆ ಜಾಲತಾಣದಿಂದ ಇಂಗ್ಲಿಷಿನಲ್ಲಿ ಒಂದು ಇಮೇಲ್ ಬಂತು. ಸರ್ಕಾರದಿಂದ ಬಂದ ಕಾನೂನುಬದ್ಧ ಬೇಡಿಕೆಯ ಮೇರೆಗೆ ಈ ಚಿತ್ರವನ್ನು ಭಾರತದಲ್ಲಿ ತಡೆಹಿಡಿಯಲಾಗಿದೆ ಎಂಬುದು ಅದರ ಸಾರ. ಕೆಳಗೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000 ಎಂದಷ್ಟೇ ಬರೆದಿತ್ತು. ಯಾವ ಕಲಮು, ಯಾವ ಇಲಾಖೆ, ಯಾವ ಅಧಿಕಾರಿ, ಚಿತ್ರದಲ್ಲಿ ಯಾವುದು ತಪ್ಪು, ಒಂದೂ ಇರಲಿಲ್ಲ.

ದುಬೈಯಲ್ಲಿರುವ ಭಾವನಿಗೆ ಫೋನು ಮಾಡಿದೆ. ಅವನು ಅಲ್ಲಿಂದಲೇ ತೆರೆದು ನೋಡಿ, "ಇಲ್ಲಿ ಕಾಣುತ್ತದೆ ಮಾರಾಯ, ಎಂತ ಆದ್ದು ನಿಂಗೆ?" ಎಂದು ಕೇಳಿ ಸ್ಕ್ರೀನ್‌ಶಾಟ್ ಕಳಿಸಿದ. ಗುಡ್ಡ ಕುಸಿದ ಜಿಲ್ಲೆಯಲ್ಲಿ ಕಾಣದ ಚಿತ್ರ ದುಬೈಯ ಲೇಬರ್ ಕ್ಯಾಂಪಿನಲ್ಲಿ ಕಾಣುತ್ತಿತ್ತು. ಆ ಸ್ಕ್ರೀನ್‌ಶಾಟನ್ನು ದಿನಾಂಕ, ಸಮಯ ಕಾಣುವಂತೆ ಉಳಿಸಿಕೊಂಡದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು.

ಕಾನೂನು ಓದಿದವನಲ್ಲ ನಾನು. ಆದರೆ ಕಾರಣ ತಿಳಿಯದೆ ಸುಮ್ಮನಿರುವುದು ಸಾಧ್ಯವಾಗಲಿಲ್ಲ. ಕಾಸರಗೋಡಿನ ವಿದ್ಯಾನಗರದಲ್ಲಿ ವಕೀಲಿಕೆ ಮಾಡುವ ಒಬ್ಬ ಮೇಡಂ ನಮ್ಮ ಅಂಗಡಿಯಿಂದಲೇ ಲೆಟರ್‌ಹೆಡ್ ಮಾಡಿಸುವವರು, ಅವರಲ್ಲಿ ಹೋಗಿ ಇಮೇಲ್ ತೋರಿಸಿದೆ. ಅವರು ಎರಡು ಸಲ ಓದಿ, ಸರ್ಕಾರಕ್ಕೆ ಇದನ್ನು ಮಾಡಲು ಎರಡು ದಾರಿಗಳಿವೆ, ಯಾವ ದಾರಿಯಲ್ಲಿ ಬಂದಿದ್ದಾರೆಂದು ಗೊತ್ತಾಗದೆ ನಾವು ಒಂದು ಹೆಜ್ಜೆಯನ್ನೂ ಸರಿಯಾಗಿ ಇಡಲಾರೆವು ಎಂದರು.

ಒಂದು ದಾರಿ ಕಾಯ್ದೆಯ 69ಎ ಕಲಮು. ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಕ್ಷಣೆ, ರಾಜ್ಯದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಇವುಗಳಿಗೆ ಸಂಬಂಧಿಸಿದ ಅಪರಾಧಗಳಿಗೆ ಪ್ರಚೋದನೆ, ಈ ಕಾರಣಗಳಿಗೆ ಮಾತ್ರ ಕೇಂದ್ರ ಸರ್ಕಾರ ಅಂತರ್ಜಾಲದ ವಿಷಯವನ್ನು ತಡೆಯಬಹುದು. ಮಂತ್ರಿಗೆ ಅವಮಾನವಾಯಿತು, ಸರ್ಕಾರಕ್ಕೆ ಮುಜುಗರವಾಯಿತು ಎಂಬುದು ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಕಾರಣಗಳನ್ನು ಬರವಣಿಗೆಯಲ್ಲಿ ದಾಖಲಿಸಬೇಕು. 2009ರ ನಿಯಮಗಳ ಪ್ರಕಾರ ತುರ್ತು ಸಂದರ್ಭ ಬಿಟ್ಟರೆ ಮೊದಲು ನೋಟಿಸ್ ಕೊಟ್ಟು, ಉತ್ತರಿಸಲು ಕನಿಷ್ಠ 48 ಗಂಟೆ ಕೊಟ್ಟು, ಸಮಿತಿಯೆದುರು ವಿಚಾರಿಸಬೇಕು. 2015ರ ಮಾರ್ಚ್ 24ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವಾಗಿಸಿದ್ದ 66ಎ ಕಲಮನ್ನು ರದ್ದು ಮಾಡಿಯೂ 69ಎಯನ್ನು ಉಳಿಸಿದ್ದು ಈ ರಕ್ಷಣೆಗಳಿವೆ ಎಂಬ ಕಾರಣಕ್ಕೇ. ಕಾರಣ ಲಿಖಿತವಾಗಿದ್ದರೆ ಹೈಕೋರ್ಟಿನಲ್ಲಿ ರಿಟ್ ಹಾಕಿ ಪ್ರಶ್ನಿಸಬಹುದು ಎಂದು ನ್ಯಾಯಾಲಯ ಹೇಳಿತು. ಅದೇ ನಿಯಮಗಳ 16ನೆಯ ನಿಯಮ ಮಾತ್ರ ದೂರು ಮತ್ತು ಅದರ ಮೇಲಿನ ಕ್ರಮವೆಲ್ಲ ಕಟ್ಟುನಿಟ್ಟಾಗಿ ಗೋಪ್ಯವಾಗಿರಬೇಕು ಎನ್ನುತ್ತದೆ. ಕಾರಣ ಬರೆದಿಟ್ಟಿರುತ್ತಾರೆ, ಅದನ್ನು ಪ್ರಶ್ನಿಸುವ ಹಕ್ಕು ನನಗಿರುತ್ತದೆ, ಓದುವುದಕ್ಕೆ ಮಾತ್ರ ನನಗೆ ಕೊಡುವುದಿಲ್ಲ.

ಇನ್ನೊಂದು ದಾರಿ 79(3)(ಬಿ). ಬಳಕೆದಾರರು ಹಾಕಿದ ವಿಷಯಕ್ಕೆ ಜಾಲತಾಣ ಹೊಣೆಯಲ್ಲ ಎಂಬ ರಕ್ಷಣೆಯನ್ನು ಕಾನೂನು ಕೊಟ್ಟಿದೆ; ವಿಷಯ ಕಾನೂನುಬಾಹಿರ ಎಂದು ಸರ್ಕಾರ ತಿಳಿಸಿದ ಮೇಲೂ ತೆಗೆಯದಿದ್ದರೆ ಆ ರಕ್ಷಣೆ ಹೋಗುತ್ತದೆ. 2021ರ ನಿಯಮಗಳು ಇದಕ್ಕೆ 36 ಗಂಟೆಗಳ ಗಡುವು ಇಟ್ಟವು. 2024ರ ಅಕ್ಟೋಬರಿನಲ್ಲಿ ಕೇಂದ್ರ ಗೃಹ ಇಲಾಖೆ ಸಹಯೋಗ್ ಎಂಬ ಪೋರ್ಟಲನ್ನು ಆರಂಭಿಸಿದ ಮೇಲೆ ಕೇಂದ್ರದ ಸಂಸ್ಥೆಗಳೂ ರಾಜ್ಯಗಳ ಪೊಲೀಸರೂ ಅದರ ಮೂಲಕ ನೇರವಾಗಿ ಇಂಥ ಸೂಚನೆ ಕಳಿಸಬಹುದಾಯಿತು. ಇಲ್ಲಿ ಸಮಿತಿಯಿಲ್ಲ, ಚಿತ್ರ ಬರೆದವನಿಗೆ ನೋಟಿಸಿಲ್ಲ. ತನ್ನ ರಕ್ಷಣೆಯನ್ನು ಪಣಕ್ಕಿಟ್ಟು ಬದಿಯಡ್ಕದ ಒಬ್ಬನ ಚಿತ್ರಕ್ಕಾಗಿ ಯಾವ ಕಂಪನಿಯೂ ಸರ್ಕಾರದೊಡನೆ ಜಗಳಕ್ಕೆ ನಿಲ್ಲುವುದಿಲ್ಲ.

ಮೊದಲ ಕೆಲಸವಾಗಿ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಬರೆದೆವು. ದೂರು ಬಂದದ್ದನ್ನು 24 ಗಂಟೆಯೊಳಗೆ ಒಪ್ಪಿಕೊಂಡು 15 ದಿನಗಳಲ್ಲಿ ಇತ್ಯರ್ಥ ಮಾಡಬೇಕೆಂಬ ನಿಯಮ ಆಗ ಇತ್ತು. ಉತ್ತರ ಸಮಯಕ್ಕೆ ಸರಿಯಾಗಿಯೇ ಬಂತು: ಸ್ಥಳೀಯ ಕಾನೂನನ್ನು ಪಾಲಿಸಿದ್ದೇವೆ, ಬೇಡಿಕೆಯ ಪ್ರತಿಯನ್ನು ಹಂಚಿಕೊಳ್ಳಲಾಗದು. 2023ರಿಂದ ಇಂಥ ಉತ್ತರಗಳ ವಿರುದ್ಧ ಮೇಲ್ಮನವಿ ಸಲ್ಲಿಸಲು ಕೇಂದ್ರದ ಸಮಿತಿಗಳಿವೆ. ಆದರೆ ಅವು ನೋಡುವುದು ಕಂಪನಿ ಸರಿಯಾಗಿ ನಡೆದುಕೊಂಡಿತೇ ಎಂಬುದನ್ನು, ಸರ್ಕಾರದ ಆದೇಶ ಸರಿಯೇ ಎಂಬುದನ್ನಲ್ಲ ಎಂದು ವಕೀಲರು ಹೇಳಿದ್ದರಿಂದ ಅಲ್ಲಿ ಕಾಲ ಕಳೆಯಲಿಲ್ಲ.

ಹಾಗಾದರೆ ಕೇಳುವುದು ಯಾರನ್ನು? ಗಡಿಯಲ್ಲಿರುವವರಿಗೆ ಈ ಪ್ರಶ್ನೆ ಸುಲಭದ್ದಲ್ಲ. ರಸ್ತೆ ಕೇಂದ್ರದ್ದು. ಪೊಲೀಸರು ಕೇರಳದವರು. ಚಿತ್ರ ನೋಡಿದವರಲ್ಲಿ ಅರ್ಧದಷ್ಟು ಮಂದಿ ಕರ್ನಾಟಕದವರು. ಕೇಂದ್ರದಲ್ಲಿ ಒಂದು ಪಕ್ಷ, ಕೇರಳದಲ್ಲಿ ಇನ್ನೊಂದು, ಕರ್ನಾಟಕದಲ್ಲಿ ಮತ್ತೊಂದು ಅಧಿಕಾರದಲ್ಲಿದ್ದ ಆ ದಿನಗಳಲ್ಲಿ, ಮುಖವಿಲ್ಲದ ಆ ಮಂತ್ರಿಯಲ್ಲಿ ತಮ್ಮವನನ್ನು ಕಂಡುಕೊಂಡವರು ಯಾರೆಂದು ಹೇಗೆ ತಿಳಿಯಬೇಕಿತ್ತು? ಕನ್ನಡ ಓದಬಲ್ಲ ಯಾರಾದರೂ ಆ ಚಿತ್ರವನ್ನು ನೋಡಿ ನಿರ್ಧರಿಸಿದರೇ ಎಂಬುದೂ ನನ್ನ ಪ್ರಶ್ನೆಯಾಗಿತ್ತು.

ಮಾಹಿತಿ ಹಕ್ಕಿನಡಿ ಎಲ್ಲ ಕಡೆಗೂ ಅರ್ಜಿ ಹಾಕಲು ನಿರ್ಧರಿಸಿದೆವು. ಕೇಂದ್ರದ ಕಚೇರಿಗಳಿಗೆ ಆನ್‌ಲೈನ್‌ನಲ್ಲಿ 10 ರೂಪಾಯಿ ಕಟ್ಟಿ, 3000 ಅಕ್ಷರಗಳೊಳಗೆ ಬರೆಯಬೇಕು; ಕೇರಳದ ಕಚೇರಿಗಳಿಗೆ 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್ ಹಚ್ಚಿದ ಕಾಗದ. ಮೊದಲ ಕರಡಿನಲ್ಲಿ ನಾನು ನನ್ನ ಸಂಕಟವನ್ನೆಲ್ಲ ಬರೆದಿದ್ದೆ. ಮೇಡಂ ಅದನ್ನು ಪೂರ್ತಿ ಹೊಡೆದುಹಾಕಿ, ಯಾಕೆ ತೆಗೆದಿರಿ ಎಂದು ಕೇಳಬೇಡಿ, ಕಾಗದವನ್ನು ಕೇಳಿ ಎಂದರು. ಇಂಥ ಕೊಂಡಿಯ ಚಿತ್ರಕ್ಕೆ ಸಂಬಂಧಿಸಿ ನಿಮ್ಮ ಕಚೇರಿಯಿಂದ ಹೋದ ಸೂಚನೆಯ ಪ್ರತಿ, ಅದಕ್ಕೆ ಕಾರಣ ದಾಖಲಿಸಿದ ಟಿಪ್ಪಣಿಯ ಪ್ರತಿ, ಸಹಿ ಮಾಡಿದ ಅಧಿಕಾರಿಯ ಹುದ್ದೆ, ಸಮಿತಿ ಸೇರಿದ್ದರೆ ಅದರ ನಡಾವಳಿಯ ಪ್ರತಿ. ಇದಕ್ಕೆ ಆಧಾರವಾಗಿ ಅವರು ಸೇರಿಸಿದ ಕಲಮನ್ನು ನಾನು ಮೊದಲ ಬಾರಿ ಓದಿದ್ದು ಆ ದಿನ. ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಪ್ರಕಾರ, ಆಡಳಿತಾತ್ಮಕ ನಿರ್ಧಾರದಿಂದ ಬಾಧಿತರಾದವರಿಗೆ ಅದರ ಕಾರಣಗಳನ್ನು ಒದಗಿಸುವುದು ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯ. ಅಂದರೆ ನಾವು ಕೇಳದೆಯೇ ಅವರು ಹೇಳಬೇಕಾಗಿತ್ತು.

ಉತ್ತರಕ್ಕೆ ಕಾಯುತ್ತಿದ್ದ ದಿನಗಳಲ್ಲಿಯೇ ನಡೆದ ಒಂದು ಸಂಗತಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತು. ನಮ್ಮ ಗುಂಪಿನಲ್ಲಿ ಕಾಲೇಜಿಗೆ ಹೋಗುವ ಒಬ್ಬ ಹುಡುಗಿಯಿದ್ದಳು. ಗೆರೆ ನನಗಿಂತ ಚೆಂದ. ಎರಡೇ ಬಳುಕಿನಲ್ಲಿ ಪಂಚಾಯತ್ ಅಧ್ಯಕ್ಷರ ನಡಿಗೆಯನ್ನು ಹಿಡಿಯುತ್ತಿದ್ದಳು. ಅವಳ ತಂದೆ ಒಂದು ಸಂಜೆ ಅಂಗಡಿಗೆ ಬಂದು, ಗಿರಾಕಿಗಳೆಲ್ಲ ಹೋಗುವವರೆಗೆ ಬೆಂಚಿನಲ್ಲಿ ಕೂತಿದ್ದು, ಆಮೇಲೆ ಹೇಳಿದರು: "ಅಣ್ಣ, ನಿಮ್ಮ ಮೇಲೆ ನನಗೆ ಬೇಜಾರೇನಿಲ್ಲ. ಆದರೆ ಹಳೆಯ ಚಿತ್ರಗಳಲ್ಲಿಯೂ ಮಗಳ ಹೆಸರು ಬೇಡ. ನಾಳೆ ಪಾಸ್‌ಪೋರ್ಟಿಗೆ ಪೊಲೀಸ್ ವೆರಿಫಿಕೇಶನ್ ಉಂಟು, ಕೆಲಸಕ್ಕೆ ಅರ್ಜಿ ಹಾಕುವುದುಂಟು. ಯಾರಿಗೆ ಕೋಪ ಬಂದದ್ದು ಅಂತಲೂ ಗೊತ್ತಿಲ್ಲವಲ್ಲ." ಅವರ ಎದುರಿಗೇ ಕಂಪ್ಯೂಟರಿನಲ್ಲಿ ಒಂದೊಂದಾಗಿ ಚಿತ್ರ ತೆರೆದು ಮೂಲೆಯ ಸಹಿಯನ್ನು ಅಳಿಸಿದೆ. ಅವಳ ಯಾವ ಚಿತ್ರವನ್ನೂ ಸರ್ಕಾರ ತಡೆದಿರಲಿಲ್ಲ. ಯಾರಿಗೆ, ಯಾವುದಕ್ಕೆ ಕೋಪ ಬಂದಿದೆಯೆಂದು ತಿಳಿದಿದ್ದರೆ ಆ ತಂದೆ ಅಷ್ಟನ್ನು ಮಾತ್ರ ಬಿಟ್ಟು ಉಳಿದದ್ದನ್ನು ಬರೆಯಲು ಮಗಳಿಗೆ ಹೇಳುತ್ತಿದ್ದರೋ ಏನೋ. ತಿಳಿಯದ್ದರಿಂದ ಎಲ್ಲವನ್ನೂ ಬಿಡಿಸಿದರು. ಒಂದು ಚಿತ್ರಕ್ಕೆ ಹಾಕಿದ ಗುಟ್ಟಿನ ತಡೆ ಇನ್ನೂ ಬರೆಯದ ನೂರು ಚಿತ್ರಗಳನ್ನು ತಡೆಯುವ ಬಗೆ ಇದು. ಈ ಬರಹ ಬರೆಯಲು ಕುಳಿತದ್ದು ಮುಖ್ಯವಾಗಿ ಅವಳಿಗಾಗಿ.

ಉತ್ತರಗಳು ಬಂದವು. ಒಂದು ಕಚೇರಿ ಇದು ತನಗೆ ಸಂಬಂಧಿಸಿದ್ದಲ್ಲವೆಂದು ಅರ್ಜಿಯನ್ನು ಇನ್ನೊಂದಕ್ಕೆ ದಾಟಿಸಿತು, ಆ ಇನ್ನೊಂದು ಮತ್ತೊಂದಕ್ಕೆ. ಕೇರಳದ ಒಂದು ಕಚೇರಿ ಅಂಥ ಕಡತ ತನ್ನಲ್ಲಿ ಇಲ್ಲವೆಂದು ಒಂದೇ ಸಾಲಿನಲ್ಲಿ ಬರೆಯಿತು. ದೆಹಲಿಯ ಒಂದು ಕಚೇರಿ ಮಾತ್ರ ಇಲ್ಲ ಎನ್ನಲಿಲ್ಲ, ಇದೆ ಎಂದೂ ಹೇಳಲಿಲ್ಲ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ದೇಶದ ಭದ್ರತೆಯಂಥ ಕಾರಣಕ್ಕೆ ವಿನಾಯಿತಿ ಕೊಡುವ 8(1)(ಎ) ಮತ್ತು 2009ರ ನಿಯಮಗಳ 16ನೆಯ ನಿಯಮದ ಪ್ರಕಾರ ಮಾಹಿತಿ ಕೊಡಲಾಗದು ಎಂದಿತು. ಮೇಡಂ ಆ ಕಾಗದ ನೋಡಿದ್ದೇ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. 16ನೆಯ ನಿಯಮ ಇರುವುದು 69ಎ ಕಲಮಿನ ಕೆಳಗೆ. ಅದನ್ನು ಉಲ್ಲೇಖಿಸಿದ್ದಾರೆಂದರೆ ಆದೇಶ ಆ ದಾರಿಯಲ್ಲಿ ಬಂದಿರುವ ಸಾಧ್ಯತೆಯೇ ಹೆಚ್ಚು, ಹಾಗಿದ್ದರೆ ನೋಟಿಸ್ ಎಲ್ಲಿ, ವಿಚಾರಣೆ ಎಲ್ಲಿ ಎಂದು ನಾವು ಕೇಳಬಹುದು. ನಿರಾಕರಣೆಯ ಪತ್ರವೇ ನಮ್ಮ ಕೈಗೆ ಸಿಕ್ಕ ಮೊದಲ ದಾಖಲೆಯಾಯಿತು.

ಮೊದಲ ಮೇಲ್ಮನವಿಯಲ್ಲಿ ಎರಡು ಮಾತು ಹೇಳಿದೆವು. ಭದ್ರತೆಗೆ ಸಂಬಂಧಿಸಿದ ಭಾಗವಿದ್ದರೆ ಅದನ್ನು ಮಸಿಯಿಂದ ಮುಚ್ಚಿ ಉಳಿದದ್ದನ್ನು ಕೊಡಲು ಅದೇ ಕಾಯ್ದೆಯ 10ನೆಯ ಕಲಮು ಅವಕಾಶ ಕೊಡುತ್ತದೆ. ಮತ್ತೆ, ಇಲ್ಲಿ ಕೇಳುತ್ತಿರುವವನು ಹೊರಗಿನವನಲ್ಲ, ತಡೆಯಾದದ್ದು ಅವನದೇ ಚಿತ್ರ. ಮೇಲ್ಮನವಿ ವಜಾ ಆಯಿತು. ಎರಡನೆಯ ಮೇಲ್ಮನವಿ ಈಗ ಮಾಹಿತಿ ಆಯೋಗದ ಮುಂದಿದೆ, ಸರದಿ ಯಾವಾಗ ಬರುತ್ತದೋ ಕಾಯಬೇಕು.

ಇದೇ ಅವಧಿಯಲ್ಲಿ ಹೊರಗೆ ಕಾನೂನೂ ಬದಲಾಗುತ್ತಿತ್ತು. ಸಹಯೋಗ್ ಪೋರ್ಟಲನ್ನು ಪ್ರಶ್ನಿಸಿ ಎಕ್ಸ್ ಕಂಪನಿ ಹಾಕಿದ್ದ ಅರ್ಜಿಯನ್ನು 2025ರ ಸೆಪ್ಟೆಂಬರ್ 24ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ವಜಾ ಮಾಡಿದರು. ಕಂಪನಿ ಮೇಲ್ಮನವಿಗೆ ಹೋಯಿತು. ಅಕ್ಟೋಬರಿನಲ್ಲಿ ಕೇಂದ್ರ ನಿಯಮ ತಿದ್ದಿತು. ನವೆಂಬರ್ 15ರಿಂದ ಇಂಥ ಸೂಚನೆಯನ್ನು ಜಂಟಿ ಕಾರ್ಯದರ್ಶಿ ಅಥವಾ ಅದಕ್ಕಿಂತ ಮೇಲಿನವರು, ಪೊಲೀಸರಾದರೆ ವಿಶೇಷವಾಗಿ ಅಧಿಕಾರ ಪಡೆದ ಡಿಐಜಿ ಮಟ್ಟದವರು ಮಾತ್ರ ಕಳಿಸಬೇಕು, ಕಾನೂನಿನ ಆಧಾರವನ್ನೂ ನಿರ್ದಿಷ್ಟ ಕೊಂಡಿಯನ್ನೂ ಬರೆಯಬೇಕು, ತಿಂಗಳಿಗೊಮ್ಮೆ ಕಾರ್ಯದರ್ಶಿ ಮಟ್ಟದಲ್ಲಿ ಪರಿಶೀಲನೆಯಾಗಬೇಕು. ಇದು ಒಳ್ಳೆಯದೇ ಎಂದು ನಾನು ಒಪ್ಪುತ್ತೇನೆ. ಕೆಳಗಿನ ಯಾರೋ ಒಬ್ಬರು ಬೇಸರದಲ್ಲಿ ಒತ್ತುವ ಗುಂಡಿಯಾಗಿ ಅದು ಉಳಿಯಬಾರದು. ಆದರೆ ಆ ಬರಹ ಹೋಗುವುದು ಕಂಪನಿಗೆ. ಚಿತ್ರ ಬರೆದವನಿಗೆ ಒಂದು ಪ್ರತಿ ಕಳಿಸಬೇಕೆಂಬ ಒಂದೇ ಒಂದು ಸಾಲನ್ನು ಈ ತಿದ್ದುಪಡಿಯಲ್ಲಿಯೂ ಸೇರಿಸಲಿಲ್ಲ.

ಊರಿನಲ್ಲಿ ಸುದ್ದಿ ಹರಡಿದಾಗ ಎಲ್ಲರೂ ಅವರವರ ಪಕ್ಷದ ಕಣ್ಣಿನಿಂದ ನೋಡಿದರು. ಹೋಟೆಲಿನಲ್ಲಿ ಚಹಾ ಕುಡಿಯುವಾಗ ಒಬ್ಬರು ದೆಹಲಿಯವರದೇ ಕೆಲಸ ಎನ್ನುವರು, ಇನ್ನೊಬ್ಬರು ತಿರುವನಂತಪುರದವರದು ಎನ್ನುವರು. ನನಗೆ ಈ ವಾದದಲ್ಲಿ ಆಸಕ್ತಿಯಿರಲಿಲ್ಲ, ಯಾಕೆಂದರೆ ಈ ವಿಷಯದಲ್ಲಿ ಯಾವ ಸರ್ಕಾರದ ಕೈಯೂ ಚೊಕ್ಕವಾಗಿಲ್ಲ. 66ಎ ರದ್ದಾದ ತೀರ್ಪಿನಲ್ಲಿಯೇ ಕೇರಳ ಪೊಲೀಸ್ ಕಾಯ್ದೆಯ ಇದೇ ಬಗೆಯ 118(ಡಿ) ಕಲಮು ಕೂಡ ರದ್ದಾಗಿತ್ತು. ಅದಾಗಿಯೂ 2020ರ ನವೆಂಬರಿನಲ್ಲಿ ಕೇರಳದ ಎಡರಂಗ ಸರ್ಕಾರ 118ಎ ಎಂಬ ಹೊಸ ಕಲಮನ್ನು ಸುಗ್ರೀವಾಜ್ಞೆಯ ಮೂಲಕ ತಂದು, ಅವಹೇಳನಕಾರಿ ಬರಹಕ್ಕೆ ಮೂರು ವರ್ಷಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದಿತು. ಅದರ ಸ್ವಂತ ಬೆಂಬಲಿಗರೇ ವಿರೋಧಿಸಿದ ಮೇಲೆ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಹಾಗೆ ಹಿಂತೆಗೆದದ್ದನ್ನು ನಾನು ಗೌರವದಿಂದಲೇ ನೆನೆಯುತ್ತೇನೆ. 2025ರಲ್ಲಿ ಕರ್ನಾಟಕದ ಕಾಂಗ್ರೆಸ್ ಸರ್ಕಾರ ಸುಳ್ಳು ಸುದ್ದಿ ತಡೆಯ ಕರಡು ಮಸೂದೆಯಲ್ಲಿ ಏಳು ವರ್ಷಗಳವರೆಗೆ ಜೈಲು ಎಂದು ಬರೆದಿತ್ತು. ಬಂಗಾಳದಲ್ಲಿ ಮುಖ್ಯಮಂತ್ರಿಯ ವ್ಯಂಗ್ಯಚಿತ್ರವನ್ನು ಇಮೇಲ್‌ನಲ್ಲಿ ಕಳಿಸಿದ್ದಕ್ಕೆ 2012ರಲ್ಲಿ ಬಂಧಿತರಾದ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ ಅವರು ಪ್ರಕರಣದಿಂದ ಬಿಡುಗಡೆಯಾದದ್ದು 2023ರ ಜನವರಿಯಲ್ಲಿ. ಅವರ ಮೇಲೆ ಹಾಕಿದ್ದ 66ಎ ಅಷ್ಟರಲ್ಲಿ ರದ್ದಾಗಿ ಏಳು ವರ್ಷಗಳು ಕಳೆದಿದ್ದವು. ಕೇಂದ್ರ ಸರ್ಕಾರ 2023ರಲ್ಲಿ ತನ್ನ ಕುರಿತ ಸುದ್ದಿ ಸುಳ್ಳೋ ನಿಜವೋ ಎಂದು ತಾನೇ ನಿರ್ಧರಿಸುವ ಘಟಕಕ್ಕೆ ನಿಯಮ ಮಾಡಿತು. ಹಾಸ್ಯ ಕಲಾವಿದ ಕುನಾಲ್ ಕಾಮ್ರಾ ಮತ್ತಿತರರು ಅದನ್ನು ಪ್ರಶ್ನಿಸಿ, ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ಅದನ್ನು ಅಸಾಂವಿಧಾನಿಕವೆಂದು ಹೊಡೆದುಹಾಕಿತು.

ಹೈಕೋರ್ಟಿಗೆ ಹೋಗುವ ಧೈರ್ಯ ಕೊಟ್ಟದ್ದು ಎರಡು ಪ್ರಕರಣಗಳು. ಪತ್ರಕರ್ತ ತನುಲ್ ಠಾಕೂರ್ ಎಂಬವರು ವರದಕ್ಷಿಣೆಯ ಪಿಡುಗನ್ನು ಅಣಕಿಸಲು ವರನ ಬೆಲೆ ಲೆಕ್ಕ ಹಾಕುವ ಒಂದು ಜಾಲತಾಣ ಮಾಡಿದ್ದರು. ವ್ಯಂಗ್ಯವನ್ನು ನಿಜವೆಂದು ತಿಳಿದು 2018ರಲ್ಲಿ ಸರ್ಕಾರ ಅದನ್ನು ಮುಚ್ಚಿಸಿತು. ಆದೇಶದ ಪ್ರತಿ ಕೇಳಿದರೆ ಅವರಿಗೂ ಗೋಪ್ಯತೆಯ ನಿಯಮವನ್ನೇ ತೋರಿಸಿದರು. 2022ರ ಮೇ ತಿಂಗಳಿನಲ್ಲಿ ದೆಹಲಿ ಹೈಕೋರ್ಟ್ ಆದೇಶದ ಪ್ರತಿಯನ್ನು ಅವರಿಗೆ ಕೊಟ್ಟು, ಸಮಿತಿಯ ಮುಂದೆ ಅವರ ಮಾತನ್ನು ಕೇಳಬೇಕೆಂದು ಸರ್ಕಾರಕ್ಕೆ ಹೇಳಿತು. ಇನ್ನೊಂದು ನೆರೆಯ ತಮಿಳುನಾಡಿನದು. ಕೈಗೆ ಕೋಳ ತೊಟ್ಟ ಪ್ರಧಾನಿ ಅಮೆರಿಕದ ಅಧ್ಯಕ್ಷರ ಪಕ್ಕದಲ್ಲಿ ಕುಳಿತಿರುವ ವ್ಯಂಗ್ಯಚಿತ್ರಕ್ಕಾಗಿ 2025ರ ಫೆಬ್ರವರಿಯಲ್ಲಿ ವಿಕಟನ್ ಪತ್ರಿಕೆಯ ಇಡೀ ಜಾಲತಾಣವೇ ಮುಚ್ಚಿಹೋಯಿತು. ಚಿತ್ರವನ್ನು ಸದ್ಯಕ್ಕೆ ತೆಗೆದರೆ ಜಾಲತಾಣ ತೆರೆಯಬೇಕೆಂದು ಮದ್ರಾಸ್ ಹೈಕೋರ್ಟ್ ಮಾರ್ಚ್ 6ರಂದು ಮಧ್ಯಂತರ ಆದೇಶ ಕೊಟ್ಟಿತು. ಒಂದು ಚಿತ್ರಕ್ಕಾಗಿ ಸಾವಿರಾರು ಪುಟಗಳನ್ನು ಮುಚ್ಚಿದ್ದು ಎಷ್ಟು ಅತಿಯಾಯಿತೆಂಬುದಕ್ಕೆ ಅದು ಸಾಕ್ಷಿ. ಆದರೆ ಚಿತ್ರವೇ ಹೊರಗೆ ಉಳಿದದ್ದು ನನಗೆ ಸಮಾಧಾನ ತರಲಿಲ್ಲ. ತನುಲ್ ಠಾಕೂರ್ ಅವರ ದಾರಿಯೇ ನಮ್ಮದಾಗಬೇಕೆಂದು ಅಲ್ಲಿಗೆ ತೀರ್ಮಾನವಾಯಿತು.

ಅರ್ಜಿ ತಯಾರಿಸುವುದು ನಾನೆಣಿಸಿದಷ್ಟು ಸಣ್ಣ ಕೆಲಸವಾಗಿರಲಿಲ್ಲ. ಸ್ಕ್ರೀನ್‌ಶಾಟ್‌ಗಳು ಡಿಜಿಟಲ್ ಸಾಕ್ಷ್ಯವಾದ್ದರಿಂದ, 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63(4) ಕಲಮಿನಂತೆ ಪ್ರಮಾಣಪತ್ರ ಮಾಡಿಡುವುದು ಕ್ಷೇಮ ಎಂದರು. ಅದರಲ್ಲಿ ಎರಡು ಭಾಗ: ಒಂದಕ್ಕೆ ಸಾಧನ ಬಳಸಿದವನ ಸಹಿ, ಇನ್ನೊಂದಕ್ಕೆ ತಜ್ಞನ ಸಹಿ, ಜೊತೆಗೆ ಕಡತ ಬದಲಾಗಿಲ್ಲವೆಂದು ತೋರಿಸುವ ಅದರ ಹ್ಯಾಶ್ ಸಂಖ್ಯೆ. ದುಬೈಯ ಭಾವನಿಂದ ಅವನ ಫೋನಿನ ವಿವರ ತರಿಸಬೇಕಾಯಿತು. ಕನ್ನಡದ ಕಾಗದಗಳೆಲ್ಲಕ್ಕೂ ಇಂಗ್ಲಿಷ್ ಅನುವಾದ ಜೊತೆಗಿಡಬೇಕು. ಆಮೇಲೆ ಕಡತಗಳಿಗೆ ಗುರುತು: ಇಮೇಲ್, ಕಂಪನಿಯ ಉತ್ತರ, ಮಾಹಿತಿ ಹಕ್ಕಿನ ಪತ್ರಗಳು. ಎಕ್ಸಿಬಿಟ್ ಪಿ1 ಎಂದು ಮೊದಲಿಗೆ ಇಟ್ಟದ್ದು ಚಿತ್ರವನ್ನೇ. ಅದನ್ನು ಎ4 ಹಾಳೆಯಲ್ಲಿ ಬಣ್ಣದಲ್ಲಿ ನನ್ನ ಅಂಗಡಿಯ ಪ್ರಿಂಟರಿನಲ್ಲಿಯೇ ತೆಗೆದೆ. ಮಕ್ಕಳ ಮೇಲೆ ಬೀಳುವ ಮಳೆಯ ಗೆರೆಗಳು ಫೋನಿನಲ್ಲಿ ಕಂಡದ್ದಕ್ಕಿಂತ ದಪ್ಪವಾಗಿ ಬಂದವು.

ಮಲಬಾರ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಪ್ರಯಾಣ ಮಾಡಿ ಕೇರಳ ಹೈಕೋರ್ಟಿರುವ ಎರ್ನಾಕುಳಕ್ಕೆ ಹೋಗಿ, ಅಲ್ಲಿಯ ವಕೀಲರ ಆಫೀಸಿನಲ್ಲಿ ಅಫಿಡವಿಟ್‌ಗೂ ವಕಾಲತ್‌ಗೂ ಸಹಿ ಹಾಕಿದೆ. ಅವರು ಚಿತ್ರವನ್ನು ಬಹಳ ಹೊತ್ತು ನೋಡಿ, ನಿಮ್ಮ ಮಂತ್ರಿ ಯಾರು ಎಂದು ಮಲಯಾಳದಲ್ಲಿ ಕೇಳಿದರು. ಮಾಲೆ ಹಾಕಿಸಿಕೊಂಡ ಯಾರಾದರೂ ಆಗಬಹುದು ಎಂದೆ. ಅದನ್ನೇ ಅಫಿಡವಿಟ್‌ನಲ್ಲಿ ಒಂದು ಪ್ಯಾರಾ ಮಾಡಿ ಸೇರಿಸಿದರು.

ಪರಿಹಾರ ಹಣ ಕೇಳೋಣವೇ ಎಂಬ ಮಾತು ಬಂದಾಗ ನಾನು ಬೇಡವೆಂದೆ. ನಮ್ಮ ಕುಂಬಳೆ ಸೀಮೆಯ ಯಕ್ಷಗಾನದಲ್ಲಿ ಹಾಸ್ಯಗಾರ ರಾಜನ ಎದುರಿಗೇ ನಿಂತು ಅವನ ಆಸ್ಥಾನದ ಅವ್ಯವಸ್ಥೆಯನ್ನು ಆಡಿ ತೋರಿಸುತ್ತಾನೆ. ರಾಜನಿಗೆ ಸಿಟ್ಟು ಬಂದರೆ ಅವನೂ ಅಲ್ಲಿಯೇ, ಎಲ್ಲರೆದುರು ಗದರುತ್ತಾನೆ, ಹಾಸ್ಯಗಾರ ಅದಕ್ಕೆ ಮರುಮಾತು ಕೊಡುತ್ತಾನೆ. ಸಭೆ ಇಬ್ಬರ ಮಾತನ್ನೂ ಕೇಳುತ್ತದೆ. ರಾಜ್ಯಾಧಿಕಾರದಲ್ಲಿರುವವರಿಗೆ ನನ್ನ ಚಿತ್ರ ತಪ್ಪೆನಿಸಿದರೆ ಹಾಗೆಂದು ಅವರು ಹೇಳಬಹುದು, ಆಕ್ಷೇಪಿಸಬಹುದು, ಕೋರ್ಟಿಗೂ ಹೋಗಬಹುದು. ಅವರ ವಾದ ಸರಿಯೆಂದು ನ್ಯಾಯಾಧೀಶರು ಹೇಳಿದರೆ ನಾನು ತಲೆಬಾಗಿ ಚಿತ್ರ ತೆಗೆಯುತ್ತೇನೆ. ಯಾರೆಂದು ತಿಳಿಯದವರು, ಯಾವ ಕಾರಣಕ್ಕೆಂದು ತಿಳಿಸದೆ ತೆಗೆದದ್ದನ್ನು ಒಪ್ಪಿಕೊಳ್ಳುವುದು ನನ್ನಿಂದಾಗದು.

ಆದ್ದರಿಂದ ಅರ್ಜಿಯ ಬೇಡಿಕೆಗಳನ್ನು ಈ ಕ್ರಮದಲ್ಲಿ ಬರೆಸಿದ್ದೇನೆ. ಮೊದಲನೆಯದು, ಆದೇಶದ ಮತ್ತು ಅದಕ್ಕೆ ದಾಖಲಿಸಿದ ಕಾರಣಗಳ ಪ್ರತಿಯನ್ನು ನನಗೆ ಕೊಡಬೇಕು. ಎರಡನೆಯದು, ಸಮಿತಿಯ ಮುಂದೆ ನನ್ನ ಮಾತನ್ನು ಕೇಳಬೇಕು, ಕನ್ನಡ ಬಲ್ಲವರೊಬ್ಬರು ಚಿತ್ರವನ್ನು ಓದಿ ಹೇಳುವ ವ್ಯವಸ್ಥೆಯಿರಬೇಕು. ಚಿತ್ರವನ್ನು ಮರಳಿ ತೋರಿಸಬೇಕೆಂಬುದನ್ನು ಮೂರನೆಯದಾಗಿ ಇಟ್ಟದ್ದಕ್ಕೆ ಗೆಳೆಯರು ಆಕ್ಷೇಪಿಸಿದರು. ಮೊದಲ ಎರಡು ಸಿಕ್ಕಿದರೆ ನಾಳೆ ಇನ್ನೊಬ್ಬರ ಚಿತ್ರಕ್ಕೂ ಸಿಗುತ್ತದೆ ಎಂದು ಅವರಿಗೆ ಹೇಳಿದ್ದೇನೆ. ಅರ್ಜಿಗೆ ನಂಬರ್ ಬಿದ್ದಿದೆ. ಕೇಂದ್ರ ಮತ್ತು ರಾಜ್ಯದ ವಕೀಲರು ತಮ್ಮ ಇಲಾಖೆಗಳಿಂದ ತಿಳಿದು ಹೇಳಲು ಸಮಯ ತೆಗೆದುಕೊಂಡಿದ್ದಾರೆ.